ಪಿಸ್ತೂಲು ಕಟ್ಟಿದ ಎತ್ತಿನ ವ್ಯಾಪಾರಿ

"ಅಜ್ಜಾರೇ, ಪಿಸ್ತೂಲನ್ನು ನಾಲ್ಕು ಜನಕ್ಕೆ ಕಾಣುವ ಹಾಗೆ ಸೊಂಟಕ್ಕೆ ಕಟ್ಟಿಕೊಳ್ಳುವುದು ಸರಿಯೋ, ಅಂಗಿಯೊಳಗೆ ಮುಚ್ಚಿಟ್ಟುಕೊಳ್ಳುವುದು ಸರಿಯೋ?"

ಹೀಗೆ ಕೇಳಿದವನು ಅಡವಯ್ಯ. ಮಠದ ಅನ್ನ ಉಂಡು, ಮಠದ ಶಾಲೆಯಲ್ಲೇ ಓದಿ ದೊಡ್ಡವನಾದ ಶಿಷ್ಯ. ಈಗ ಊರಾಚೆ ಕಲ್ಲಿನ ಕ್ವಾರಿ ನಡೆಸುತ್ತಿದ್ದ. ಕ್ವಾರಿಯ ಗಡಿಯ ವಿಷಯದಲ್ಲಿ ಪಕ್ಕದವರೊಂದಿಗೆ ಮನಸ್ತಾಪ ಬೆಳೆದು, ಯಾರೋ ಅವನ ಜೀಪಿನ ಗಾಜಿಗೆ ಕಲ್ಲು ಬೀಸಿದ್ದರು. ಆಮೇಲೆ ಅವನು ಸರ್ಕಾರಕ್ಕೆ ಅರ್ಜಿ ಹಾಕಿ, ಲೈಸೆನ್ಸ್ ಪಡೆದು, ಒಂದು ಪಿಸ್ತೂಲು ಕೊಂಡಿದ್ದ. ಅದನ್ನು ಕಟ್ಟಿಕೊಂಡು ಮಠಕ್ಕೆ ಬಂದದ್ದು ಇದೇ ಮೊದಲು.

ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವನ ಕೈ ಒಂದು ಕ್ಷಣ ಸೊಂಟದ ಮೇಲೆ ತಡೆದಿತ್ತು. ಚಪ್ಪಲಿಯ ಜೊತೆ ಬಿಟ್ಟು ಬರುವ ವಸ್ತುವಲ್ಲ ಅದು. ಯಾರ ಕೈಗಾದರೂ ಕೊಡೋಣವೆಂದರೆ ಅದೂ ಆಗದು. ಹಾಗೇ ಒಳಗೆ ಬಂದ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವರು ಎದ್ದು ನಿಂತು ದಾರಿ ಬಿಟ್ಟರು. ಆ ಅಂಗಳದಲ್ಲಿ ಅವನನ್ನು ಕಂಡು ಎದ್ದು ನಿಂತವರು ಅದುವರೆಗೆ ಯಾರೂ ಇರಲಿಲ್ಲ. ಅವನಿಗೆ ಒಳಗೊಳಗೇ ಹಿತವಾಯಿತು.

ಮಠದ ಗುರುಗಳಾದ ಅಜ್ಜ ದೀಪದ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು:

"ನಿನಗೆ ಹೇಗೆ ಕಾಣುತ್ತದೆ?"

"ಮುಚ್ಚಿಟ್ಟುಕೊಂಡರೆ ಎದುರಿನವನಿಗೆ ಮೋಸ ಮಾಡಿದ ಹಾಗೆ. ತೋರಿಸಿಕೊಂಡು ಓಡಾಡುವುದೇ ಪ್ರಾಮಾಣಿಕತೆ. ಅದನ್ನು ನೋಡಿದ ಮೇಲೆ ಯಾರೂ ತಂಟೆಗೆ ಬರುವುದಿಲ್ಲ. ಹೊರಗೆ ತೆಗೆಯುವ ಪ್ರಸಂಗವೇ ಬರುವುದಿಲ್ಲ."

"ಅಬ್ಬಾ! ಎಲ್ಲ ಯೋಚನೆ ಮಾಡಿಕೊಂಡೇ ಬಂದಿದ್ದೀ. ಮತ್ತೆ ನನ್ನ ಹತ್ತಿರ ಬಂದದ್ದು ಯಾಕೆ? ಹೌದಪ್ಪಾ ಅನ್ನಿಸಿಕೊಳ್ಳಲಿಕ್ಕೋ?" ಅಜ್ಜ ನಕ್ಕರು. "ಕೂತುಕೋ. ಆ ಕಂಬಕ್ಕೆ ಒರಗಬೇಡ, ಸುಣ್ಣ ಹತ್ತುತ್ತದೆ. ಒಂದು ಕತೆ ಹೇಳುತ್ತೇನೆ."

ಅಡವಯ್ಯ ಚಕ್ಕಳಮಕ್ಕಳ ಹಾಕಿ ಕೂತ. ಪಿಸ್ತೂಲು ಪಕ್ಕೆಗೆ ಒತ್ತಿತು. ಒಂದು ಕಾಲು ಚಾಚಿ ಓರೆಯಾಗಿ ಕೂತ. ಗುರುಗಳ ಎದುರು ಕಾಲು ಚಾಚಿದ್ದು ನೆನಪಾಗಿ ಮತ್ತೆ ಮಡಚಿಕೊಂಡ. ಅಜ್ಜ ಅದನ್ನು ನೋಡಿದರು. ಕತೆ ಶುರು ಮಾಡಿದರು.

ಒಬ್ಬ ಎತ್ತಿನ ವ್ಯಾಪಾರಿ ಇದ್ದ. ಒಂದು ಸಂತೆಯಲ್ಲಿ ಎತ್ತು ಕೊಳ್ಳುವುದು, ಕಾಡಿನ ಕಣಿವೆ ದಾಟಿ ಇನ್ನೊಂದು ಸಂತೆಗೆ ಹೊಡೆದುಕೊಂಡು ಹೋಗಿ ಮಾರುವುದು ಅವನ ಕಸುಬು. ಹೆಂಡತಿ ಬೇಗ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಮನೆ ಅಂತ ಒಂದಿತ್ತು, ಅದು ಬೀಗ ಹಾಕಿಕೊಂಡೇ ಇರುತ್ತಿತ್ತು. ಸಂತೆಯವರೇ ಅವನ ಬಳಗ. ಹಬ್ಬಕ್ಕೆ ಕರೆಯುವವರೂ ಅವರೇ, ಜ್ವರ ಬಂದರೆ ಕಷಾಯ ಕುಡಿಸುವವರೂ ಅವರೇ.

ದನದ ಸಂತೆಯ ವ್ಯಾಪಾರ ನಿನಗೆ ಗೊತ್ತಿದೆಯಲ್ಲ, ಅಡವಯ್ಯ? ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಎದುರುಬದುರು ನಿಂತು ಬಲಗೈ ಹಿಡಿಯುತ್ತಾರೆ. ಕೈಗಳ ಮೇಲೆ ಶಲ್ಯ ಹೊದಿಸುತ್ತಾರೆ. ಶಲ್ಯದ ಕೆಳಗೆ ಬೆರಳು ಹಿಡಿದರೆ ಒಂದು ಲೆಕ್ಕ, ಗೆಣ್ಣು ಒತ್ತಿದರೆ ಇನ್ನೊಂದು ಲೆಕ್ಕ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಕಡಿಮೆಗೆ ಕೊಟ್ಟವನ ಮಾನವೂ ಉಳಿಯುತ್ತದೆ, ಹೆಚ್ಚಿಗೆ ಕೊಟ್ಟವನ ಮಾನವೂ ಉಳಿಯುತ್ತದೆ. ಶಲ್ಯದ ಮೇಲೆ ಮಾತ್ರ ಇಬ್ಬರೂ ಬಾಯಿಗೆ ಬಂದಂತೆ ಬೈದಾಡುತ್ತಾರೆ. ಒಬ್ಬ ಕೈ ಕಿತ್ತುಕೊಂಡು ಹೊರಟುಬಿಡುತ್ತಾನೆ, ದಲಾಲಿ ಅವನ ರಟ್ಟೆ ಹಿಡಿದು ಎಳೆತರುತ್ತಾನೆ. ಹೀಗೆ ಅರ್ಧ ಹೊತ್ತು ಕಳೆದ ಮೇಲೆ ವ್ಯಾಪಾರ ಕುದುರುತ್ತದೆ.

ಈ ವ್ಯಾಪಾರಿಗೆ ಒಬ್ಬ ರೈತನ ಜೊತೆ ಬಹಳ ವರ್ಷಗಳ ಕೈವ್ಯಾಪಾರ. ಆ ಸೀಮೆಯಲ್ಲೇ ಒಳ್ಳೆಯ ಎತ್ತು ಸಾಕುತ್ತಿದ್ದ ರೈತ ಅವನು. ಬಾಯಿ ಮಾತ್ರ ಬಹಳ ಕೆಟ್ಟದ್ದು.

"ಲೇ ವ್ಯಾಪಾರಿ, ನಿನ್ನ ಕಣ್ಣಾಗ ಬೂದಿ ಬಿತ್ತೇನು? ಇದರ ಭುಜ ನೋಡಲೇ! ಇಂಥಾ ಎತ್ತಿಗೆ ಈ ಬೆರಳು ಹಿಡಿತೀಯಲ್ಲ, ನಾಚಿಕೆ ಐತೇನು?" ಎನ್ನುತ್ತಿದ್ದ. ವ್ಯಾಪಾರಿಯೂ ಬಿಡುತ್ತಿರಲಿಲ್ಲ. ಹಲ್ಲು ಎಣಿಸಿ, ಸುಳಿ ನೋಡಿ, ಇಲ್ಲದ ಹುಳುಕೆಲ್ಲ ತೆಗೆಯುತ್ತಿದ್ದ. ಶಲ್ಯದ ಕೆಳಗೆ ಬೆರಳು ನೋಯುವವರೆಗೆ ಒಬ್ಬರನ್ನೊಬ್ಬರು ಹಿಂಡುತ್ತಿದ್ದರು. ಮುಗಿದ ಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ವಾರದಲ್ಲಿ ವ್ಯಾಪಾರಿಯ ಕೈಯನ್ನು ಇನ್ನೊಂದು ಕೈ ಹಿಡಿಯುತ್ತಿದ್ದದ್ದು ಆ ಶಲ್ಯದ ಕೆಳಗೆ ಮಾತ್ರ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ತಾನೂ ಸರಿಯಾಗಿ ತಿಳಿದಿರಲಿಲ್ಲ.

ಒಂದು ದಿನ ಕಣಿವೆಯಲ್ಲಿ ಕಳ್ಳರು ಅಡ್ಡಗಟ್ಟಿದರು. ಕುತ್ತಿಗೆಗೆ ಮಚ್ಚು ಹಿಡಿದು, ಎತ್ತು ಹೊಡೆದುಕೊಂಡು, ಅವನನ್ನು ಮರಕ್ಕೆ ಕಟ್ಟಿ ಹೋದರು. ಕಟ್ಟಿಗೆಗೆ ಬಂದ ಹೆಂಗಸರು ಅವನನ್ನು ಕಂಡು, ಅಯ್ಯೋ ಯಪ್ಪಾ ಎಂದು ಕಟ್ಟು ಬಿಚ್ಚಿದರು. ತಮ್ಮ ಬುತ್ತಿಯ ರೊಟ್ಟಿ ತಿನ್ನಿಸಿ, ಊರು ಮುಟ್ಟುವವರೆಗೆ ಜೊತೆಗೆ ಬಂದರು. ದೇಹಕ್ಕೆ ಏನೂ ಆಗಿರಲಿಲ್ಲ. ಆದರೆ ಜೀವ ಬೆದರಿಬಿಟ್ಟಿತ್ತು. ಆಮೇಲೆ ಎಲೆ ಅಲುಗಿದರೂ ಅವನ ಎದೆ ಧಸಕ್ಕೆನ್ನುತ್ತಿತ್ತು.

ನಗಬೇಡ, ಅಡವಯ್ಯ. ಹೆದರಿಕೆ ನಗುವಂಥದ್ದಲ್ಲ. ನಿನ್ನ ಜೀಪಿನ ಗಾಜು ಒಡೆದ ದಿನ ನೀನೂ ನಿದ್ದೆ ಮಾಡಿರಲಿಕ್ಕಿಲ್ಲ.

ವ್ಯಾಪಾರಿಯೂ ನಿನ್ನ ಹಾಗೆಯೇ ಕಾಯಿದೆ ಪ್ರಕಾರ ಪಿಸ್ತೂಲು ತೆಗೆದುಕೊಂಡ. ಅದನ್ನು ಮಾರಿದ ಅಂಗಡಿಯವನು ಅನುಭವಸ್ಥ. ಅವನು ಚೆನ್ನಾಗಿ ತಿಳಿಸಿ ಹೇಳಿದ: ಯಾರ ಕಡೆಗೂ ತಿರುಗಿಸಬಾರದು, ತಮಾಷೆಗೂ ಹೊರಗೆ ತೆಗೆಯಬಾರದು, ಇನ್ನೊಬ್ಬರ ಕೈಗೆ ಕೊಡಬಾರದು, ಅದು ಸೊಂಟದಲ್ಲಿರುವಾಗ ಹೆಂಡ ಮುಟ್ಟಬಾರದು, ಜಗಳಕ್ಕೆ ಬಾಯಿ ಹಾಕಬಾರದು, ಎಲ್ಲರಿಗೂ ಕಾಣುವ ಹಾಗೆ ಕಟ್ಟಿಕೊಂಡರೆ ಅರ್ಧ ಕೆಲಸ ಅದೇ ಮಾಡುತ್ತದೆ ಎಂದ. ವ್ಯಾಪಾರಿ ಒಂದೊಂದನ್ನೂ ವ್ರತದ ಹಾಗೆ ಪಾಲಿಸಿದ. ಅವನ ನಡತೆಯಲ್ಲಿ ಒಂದು ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ.

ಮೊದಲ ಸಂತೆಗೆ ಹೋದ. ಜನ ದಾರಿ ಬಿಟ್ಟರು. ಹೋಟೆಲಿನ ಬೆಂಚಿನ ಮೇಲಿದ್ದವರೆಲ್ಲ ಎದ್ದು, "ಕುಂಡ್ರಿ, ಕುಂಡ್ರಿ" ಎಂದು ಪೂರ್ತಿ ಬೆಂಚನ್ನೇ ಬಿಟ್ಟುಕೊಟ್ಟರು. ಅವನು ಒಬ್ಬನೇ ಕೂತು ಚಹಾ ಕುಡಿದ. ಕ್ಷೌರಕ್ಕೆ ಕೂತ. ಊರ ಸುದ್ದಿಯೆಲ್ಲ ಬಾಯಲ್ಲಿಟ್ಟುಕೊಂಡಿದ್ದ ಕ್ಷೌರಿಕ ಒಂದು ಮಾತೂ ಆಡದೆ ಗಡ್ಡ ಹೆರೆದ. ಗುಡಿಗೆ ಹೋದ. ಚರ್ಮದ ಪಟ್ಟಿ ಕಟ್ಟಿಕೊಂಡು ಒಳಗೆ ಹೋಗುವಂತಿಲ್ಲ, ಬಿಚ್ಚಿ ಹೊರಗಿಟ್ಟು ಹೋಗುವಂತೆಯೂ ಇಲ್ಲ. ಹೊಸ್ತಿಲಾಚೆ ನಿಂತೇ ಕೈ ಮುಗಿದ. ಒಬ್ಬ ಗೆಳೆಯನ ಮನೆಯ ಗೃಹಪ್ರವೇಶಕ್ಕೆ ಹೋದ. ಮನೆ ತುಂಬ ಮಕ್ಕಳು. ಮನೆಯಾಕೆ ಮಕ್ಕಳನ್ನೆಲ್ಲ ಹಿತ್ತಲಿಗೆ ಕಳಿಸಿದಳು. ಅವನಿಗೆ ಪಡಸಾಲೆಯಲ್ಲಿ ಬೇರೆಯಾಗಿ ಬಡಿಸಿದಳು, ಬಹಳ ಮರ್ಯಾದೆಯಿಂದ ಬಡಿಸಿದಳು. ತಾನು ಹೋದದ್ದಕ್ಕೆ ಮಕ್ಕಳ ಆಟ ಕೆಟ್ಟಿತಲ್ಲ ಎಂದು ಅವನು ಅರ್ಧಕ್ಕೇ ಕೈ ತೊಳೆದ. ಮುಂದೆ ಅಂಥ ಕರೆಯೋಲೆ ಬಂದರೂ ಏನಾದರೊಂದು ನೆಪ ಹೇಳಿದ. ಕೆಲವು ದಿನಕ್ಕೆ ಕರೆಯುವವರೂ ನಿಂತರು.

ಆದರೆ ಕಣಿವೆಯಲ್ಲಿ ಅವನು ನಿರ್ಭಯವಾಗಿ ನಡೆದ. ಅದನ್ನು ಇಲ್ಲ ಎನ್ನಬಾರದು. ರಾತ್ರಿ ನಿದ್ದೆಯೂ ಬಂತು.

ಕತೆ ಇಲ್ಲಿಗೆ ಬಂದಾಗ ಒಳಗೆ ಪ್ರಸಾದದ ಗಂಟೆ ಬಾರಿಸಿತು. ಅಂಗಳದಲ್ಲಿದ್ದವರು ಕೈಕಾಲು ತೊಳೆದು ದಾಸೋಹದ ಮನೆಯ ಕಡೆ ನಡೆದರು. ಅಜ್ಜ ಒಪ್ಪೊತ್ತಿನ ಊಟದವರು, ಅವರದು ಸಂಜೆಗೆ. ಉಳಿದವರ ಮಟ್ಟಿಗೆ ಮಠದಲ್ಲಿ ಒಂದು ಪದ್ಧತಿ ಇತ್ತು. ಗಂಟೆಯಾದ ಮೇಲೆ ಅಡುಗೆಯ ನೀಲವ್ವ ಬಂದು, ಕೂತವರು ಯಾರೇ ಆಗಲಿ, ಎಬ್ಬಿಸಿ ಪಂಕ್ತಿಗೆ ಕರೆದೊಯ್ಯುತ್ತಿದ್ದಳು. ಹಸಿವಿಲ್ಲ ಎಂದವರನ್ನು ಬೈದು ಒಯ್ಯುತ್ತಿದ್ದಳು. ಅಡವಯ್ಯನನ್ನಂತೂ ಚಿಕ್ಕಂದಿನಲ್ಲಿ ಕಿವಿ ಹಿಡಿದೇ ಎಳೆದೊಯ್ದದ್ದುಂಟು.

ನೀಲವ್ವ ಬಾಗಿಲಿಗೆ ಬಂದು ಇಣುಕಿದಳು. ಅಡವಯ್ಯ ತಿರುಗಿ ನೋಡಿ ನಕ್ಕ. ಅವಳ ಕಣ್ಣು ಅವನ ಮುಖದಿಂದ ಕೆಳಗಿಳಿಯಿತು. ಸೆರಗು ಸರಿಮಾಡಿಕೊಂಡು, ಏನೂ ಹೇಳದೆ ಹೊರಟುಹೋದಳು. ಗುರುಗಳ ಮಾತು ನಡೆದಿದೆಯೆಂದು ಹೋಗಿರಬೇಕು ಎಂದುಕೊಂಡ ಅಡವಯ್ಯ. ಅಜ್ಜ ಕತೆ ಮುಂದುವರಿಸಿದರು.

ಇನ್ನು ಶಲ್ಯದ ಮಾತಿಗೆ ಬರೋಣ. ಪಿಸ್ತೂಲು ಕಟ್ಟಿದ ಮೇಲೆ ವ್ಯಾಪಾರಿ ಕೈ ಚಾಚಿದರೆ ಎದುರಿನವನು ಅವನ ಬಲಗೈಯನ್ನು ನೋಡುತ್ತಿರಲಿಲ್ಲ, ಎಡಗೈಯನ್ನು ನೋಡುತ್ತಿದ್ದ. ಎಡಗೈ ಅಭ್ಯಾಸದಿಂದ ಸೊಂಟದ ಮೇಲೆ ಹೋಗಿ ಕೂತಿರುತ್ತಿತ್ತು. ವ್ಯಾಪಾರಿ ಮೊದಲ ಬೆರಳು ಹಿಡಿಯುತ್ತಿದ್ದಂತೆಯೇ, "ಆಗಲಿ ತಗೋರಿ" ಎಂದು ಎದುರಿನವನು ಕೈ ಬಿಡಿಸಿಕೊಳ್ಳುತ್ತಿದ್ದ. ಬೈಗುಳವಿಲ್ಲ, ಹೊರಟುಹೋಗುವುದಿಲ್ಲ, ದಲಾಲಿ ಎಳೆತರುವುದಿಲ್ಲ. ಸೋವಿಯಲ್ಲಿ ಎತ್ತು ಸಿಕ್ಕಿತು. ಮೊದಮೊದಲು ಅವನಿಗೂ ಸಂತೋಷವೇ ಆಯಿತು. ಆಮೇಲೆ ಏನೋ ರುಚಿ ಕೆಟ್ಟಿತು. ಬೇಕೆಂದೇ ತೀರ ಕಡಿಮೆ ಬೆಲೆಯ ಬೆರಳು ಹಿಡಿದು ನೋಡಿದ, ಈಗಲಾದರೂ ಬೈಯಲಿ ಎಂದು. ಅದಕ್ಕೂ "ಆಗಲಿ" ಎಂದರು. ಹೆಚ್ಚಿಗೆ ಹಿಡಿದು ನೋಡಿದ. ಅದಕ್ಕೂ ಅದೇ ಉತ್ತರ. ಶಲ್ಯದ ಕೆಳಗೆ ಎಲ್ಲರ ಕೈಯೂ ತಣ್ಣಗಿರುತ್ತಿತ್ತು.

ಅವನು ರೈತನ ದಾರಿ ಕಾಯತೊಡಗಿದ. ಆ ರೈತ ಸುಗ್ಗಿಯ ಕೆಲಸದಲ್ಲಿ ಸಿಕ್ಕಿಕೊಂಡು ಸಂತೆಗೆ ಬಂದಿರಲಿಲ್ಲ. ಅವನು ಬರಲಿ, ಅವನಂತೂ ಬಿಡುವವನಲ್ಲ, ಈ ಪಿಸ್ತೂಲನ್ನೂ ಸೇರಿಸಿ ಬೈಯುತ್ತಾನೆ ಎಂದು ವ್ಯಾಪಾರಿ ಆಸೆಯಿಂದ ಇದ್ದ. ಏನು ಬೈಯಬಹುದು ಎಂದು ನೆನೆದು ದಾರಿಯಲ್ಲಿ ಒಬ್ಬನೇ ನಗುತ್ತಿದ್ದ.

ಒಂದು ಸಂತೆಗೆ ರೈತ ಬಂದ. ಬಂಡಿಯ ಹಿಂದೆ ಎರಡು ಹೋರಿ ಕಟ್ಟಿಕೊಂಡು ಬಂದಿದ್ದ, ತನ್ನ ಮನೆಯಲ್ಲೇ ಹುಟ್ಟಿ ಬೆಳೆದ ಜೋಡಿ. ವ್ಯಾಪಾರಿ ಓಡಿದ ಹಾಗೆ ಹೋಗಿ ಕೈ ಚಾಚಿದ. ರೈತ ಅವನ ಮುಖ ನೋಡಿದ, ಸೊಂಟ ನೋಡಿದ. ಶಲ್ಯ ಹೊದಿಸಿದ. ವ್ಯಾಪಾರಿ ಅನ್ಯಾಯದ ಬೆರಳನ್ನೇ ಹಿಡಿದ, ಬೈಗುಳಕ್ಕಾಗಿ ಕಾದ.

"ತಾವು ಹೇಳಿದ್ದೇ ಆಗಲಿ," ಎಂದ ರೈತ.

ತಾವು! ಅಷ್ಟು ವರ್ಷ ಲೇ ಎಂದ ಬಾಯಿ. ವ್ಯಾಪಾರಿಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ಹೋರಿಗಳ ಹಗ್ಗ ಕೈಗೆ ಬಂತು. ರೈತ ಅವುಗಳ ಬೆನ್ನು ಸವರಿ, ಮಂಡಕ್ಕಿ ಅಂಗಡಿಯ ಕಡೆ ತಿರುಗಿಯೂ ನೋಡದೆ, ದಲಾಲಿಯ ಹತ್ತಿರ ಹೋಗಿ ನಿಂತ. ವ್ಯಾಪಾರಿ ಒಬ್ಬನೇ ಕಣಿವೆಯ ದಾರಿ ಹಿಡಿದ. ಅವನಿಗೆ ಅಳು ಬಂತು. ಅಳುವುದನ್ನು ನೋಡಲು ಯಾರೂ ಇಲ್ಲವಲ್ಲ ಎಂದು ಧಾರಾಳವಾಗಿ ಅತ್ತ.

ಈಗ ಅವನು ಮಾಡಿದ ಒಂದು ತಪ್ಪು ಕೇಳು. ದನ ಹೊಡೆಯುವವರು ಎರಡು ಕೈಯಲ್ಲೂ ಹಗ್ಗ ಹಿಡಿಯುತ್ತಾರೆ, ಆದರೆ ಕೈಗೆ ಸುತ್ತಿಕೊಳ್ಳುವುದಿಲ್ಲ. ದನ ಬೆದರಿದರೆ ಹಗ್ಗ ಬಿಟ್ಟುಬಿಡಬೇಕು. ಹಾಲು ಹಲ್ಲಿನ ಮಕ್ಕಳಿಗೂ ಇದು ಗೊತ್ತು. ಈ ವ್ಯಾಪಾರಿಯ ಎಡಗೈ ಪಿಸ್ತೂಲಿನ ಮೇಲಿತ್ತು. ಎರಡು ಹೋರಿಗಳ ಹಗ್ಗ ಬಲಗೈ ಒಂದರಲ್ಲೇ ನಿಲ್ಲಬೇಕು. ಅದಕ್ಕೆ ಮಣಿಕಟ್ಟಿಗೆ ಸುತ್ತಿಕೊಂಡಿದ್ದ. ದಾರಿಯ ಪಕ್ಕದ ಪೊದೆಯಿಂದ ಒಂದು ಕಾಡುಹಂದಿ ಗುರ್ರೆಂದು ಹೊರಬಿತ್ತು. ಹೋರಿಗಳು ಚಿಮ್ಮಿದವು. ಅವನನ್ನು ದರದರ ಎಳೆದುಕೊಂಡು ಹೋಗಿ, ಹಗ್ಗ ಕಳಚಿದಾಗ ಹಳ್ಳದ ಅಂಚಿನಿಂದ ಕೆಳಗೆ ಕೆಡವಿದವು. ಬಂಡೆಯ ಮೇಲೆ ಬಿದ್ದು ಅವನ ಕಾಲು ಮುರಿಯಿತು. ಹೋರಿಗಳು ಬಂದ ದಾರಿಗೇ ಓಡಿದವು.

ಹಳ್ಳದಲ್ಲಿ ನೀರಿರಲಿಲ್ಲ. ನೆತ್ತಿಯ ಮೇಲೆ ಬಿಸಿಲು. ಎದ್ದೇಳಲು ಆಗಲಿಲ್ಲ, ತೆವಳಲೂ ಆಗಲಿಲ್ಲ. ದಾರಿಯಲ್ಲಿ ಜನ ಓಡಾಡುತ್ತಾರಲ್ಲ, ಯಾರಾದರೂ ಬರುತ್ತಾರೆ ಎಂದು ಧೈರ್ಯ ತಂದುಕೊಂಡ.

ಕಟ್ಟಿಗೆಯ ಹೆಂಗಸರು ಬಂದರು. ಹಿಂದೆ ಇವನ ಕಟ್ಟು ಬಿಚ್ಚಿದ ಅದೇ ಹೆಂಗಸರು. "ಯವ್ವಾ, ತಾಯೀ, ನಾನು!" ಎಂದು ಕೂಗಿ, ಮೊಣಕೈ ಊರಿ ಅರ್ಧ ಮೇಲೆದ್ದ. ಅವರು ಅಂಚಿಗೆ ಬಂದು ಬಗ್ಗಿ ನೋಡಿದರು. ಕಂಡದ್ದು ಧೂಳು, ರಕ್ತ, ಸೊಂಟದಲ್ಲಿ ಪಿಸ್ತೂಲು. ಹೊರೆ ಅಲ್ಲೇ ಕೆಡವಿ ಓಡಿದರು. ಆಮೇಲೆ ಒಬ್ಬ ಕುರಿಗಾರ ಬಂದ. ಅವನು ಓಡಲಿಲ್ಲ, ದೂರದಲ್ಲೇ ನಿಂತು ಕೈ ಮುಗಿದ. "ನಿಮ್ಮ ಹೊಡೆದಾಟ ನಿಮಗಿರಲಿ ಧಣ್ಯಾರ. ನಾ ಏನೂ ನೋಡಿಲ್ಲ," ಎಂದು ಕುರಿಗಳನ್ನು ಬೇರೆ ದಾರಿಗೆ ತಿರುಗಿಸಿದ. ಹೊಡೆದಾಟವಲ್ಲ, ಬಿದ್ದದ್ದು ಎಂದು ವ್ಯಾಪಾರಿ ಹೇಳುತ್ತಲೇ ಇದ್ದ. ಕೇಳುವವರು ಇರಲಿಲ್ಲ.

ಬಾಯಿ ಒಣಗಿ ದನಿ ಹೊರಡದಾಯಿತು. ಆಗ ದೂರದಲ್ಲಿ ಗೆಜ್ಜೆಯ ಸದ್ದು ಕೇಳಿಸಿತು. ರೈತನ ಬಂಡಿ. ಆ ಗೆಜ್ಜೆಯನ್ನು ಅವನು ನಿದ್ದೆಯಲ್ಲಿ ಕೇಳಿದರೂ ಗುರುತಿಸುತ್ತಿದ್ದ. ಸಂತೆ ಮುಗಿಸಿ ರೈತ ಇದೇ ದಾರಿಯಲ್ಲಿ ತನ್ನ ಊರಿಗೆ ಹೊರಟಿದ್ದ. ಕೂಗಿದರೆ ಗಂಟಲಿನಿಂದ ಗಾಳಿ ಮಾತ್ರ ಬಂತು. ಬಂಡಿ ಹತ್ತಿರವಾಯಿತು, ಹಳ್ಳದ ನೇರ ಮೇಲಿನ ದಾರಿಗೇ ಬಂತು, ಇನ್ನೇನು ದಾಟಿಹೋಗುತ್ತದೆ. ಜೀವ ಬಾಯಿಗೆ ಬಂದಿತ್ತು. ವ್ಯಾಪಾರಿ ಪಿಸ್ತೂಲು ತೆಗೆದು ಆಕಾಶಕ್ಕೆ ಒಂದು ಗುಂಡು ಹಾರಿಸಿದ. ತಾನು ಇಲ್ಲಿದ್ದೇನೆ ಎಂದು ತಿಳಿಸಲು.

ಎತ್ತುಗಳು ಬೆದರಿ ಕಿತ್ತುಕೊಂಡು ಓಡಿದವು. "ಅಯ್ಯೋ ಕೊಂದಾರೋ!" ಎಂದು ರೈತ ಚೀರಿದ್ದು ಕೇಳಿಸಿತು. ಗೆಜ್ಜೆಯ ಸದ್ದು ದೂರವಾಗಿ, ಸಣ್ಣದಾಗಿ, ನಿಂತುಹೋಯಿತು. ಆಮೇಲೆ ಆ ಕಣಿವೆಯಲ್ಲಿ ಹಕ್ಕಿ ಕೂಡ ಕೂಗಲಿಲ್ಲ.

ತನ್ನನ್ನು ಗುರುತಿಸುತ್ತಿದ್ದ ಒಬ್ಬನೇ ಒಬ್ಬ, ತನ್ನನ್ನೇ ಹೊಂಚು ಹಾಕಿದ ಕೊಲೆಗಾರನೆಂದು ತಿಳಿದು ಓಡಿಹೋದ. ವ್ಯಾಪಾರಿಗೆ ಮುರಿದ ಕಾಲಿನ ನೋವಿಗಿಂತ ಇದು ಹೆಚ್ಚಾಯಿತು. ಇಲ್ಲಿ ಸತ್ತರೂ ಸರಿ, ಆದರೆ ಹೀಗೆ ಸಾಯಬಾರದು ಎನ್ನಿಸಿತು. ಒಬ್ಬರಾದರೂ ಹತ್ತಿರ ಬಂದು ಮುಖ ನೋಡಬೇಕು. ಅವನು ಚರ್ಮದ ಪಟ್ಟಿ ಬಿಚ್ಚಿದ. ಪಿಸ್ತೂಲನ್ನು ಅದರಲ್ಲೇ ಸೇರಿಸಿ, ಕೈಗೆ ಎಟುಕದಷ್ಟು ದೂರ, ಹಳ್ಳದ ಅಂಚಿನ ಕಡೆಗೆ ಎಸೆದ. ಇನ್ನು ಬರುವವರು ಹೆದರುವ ಕಾರಣವಿಲ್ಲ.

ಸ್ವಲ್ಪ ಹೊತ್ತಿಗೆ ಹೆಜ್ಜೆಯ ಸದ್ದು ಬಂತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಬಂದವರು ಯಾರೆಂದು ನೋಡುವ ಮೊದಲೇ ಕೈ ಮುಗಿದ. ಬಂದವರು ಇಬ್ಬರು. ಗುಂಡಿನ ಸದ್ದು ಕೇಳಿದವರೆಲ್ಲ ಓಡಿದ್ದರು. ಆ ಸದ್ದು ಕೇಳಿ ಹುಡುಕಿಕೊಂಡು ಬಂದವರು ಇವರು ಮಾತ್ರ. ಒಬ್ಬ ನೇರ ಹೋಗಿ ಪಿಸ್ತೂಲು ಎತ್ತಿಕೊಂಡ. ಅವನ ಹೆಗಲಲ್ಲಿ ಮಚ್ಚು ನೇತಾಡುತ್ತಿತ್ತು.

"ಇದನ್ನ ನೋಡಿ ನಿಮಗೆ ಹೆದರಿಕೆ ಆಗಲಿಲ್ಲೇನು?" ಎಂದು ವ್ಯಾಪಾರಿ ಪಿಸುಗುಟ್ಟಿದ.

"ಹೆದರುವವರು ಬ್ಯಾರೆ ಮಂದಿ," ಎಂದ ಕಳ್ಳ. "ನಿನ್ನ ಸೊಂಟದಾಗ ಇದನ್ನ ಕಂಡಾಗಿಂದ ಸಂತೆ ಸಂತೆ ಬೆನ್ನು ಹತ್ತೀವಿ."

ಇನ್ನೊಬ್ಬ ಕಳ್ಳ ಅವನ ಕಾಲು ನೋಡಿದ, ತುಟಿ ನೋಡಿದ. ತನ್ನ ಸೋರೆ ಬುರುಡೆಯ ನೀರನ್ನು ಅವನ ಬಾಯಿಗೆ ಹನಿಸಿದ. ಆ ದಿನ ಅವನ ಹತ್ತಿರ ಬಂದು ಮುಖ ನೋಡಿದ ಮೊದಲ ಮನುಷ್ಯ ಅವನೇ. ಆಮೇಲೆ ಇಬ್ಬರೂ ಕಾಡಿನಲ್ಲಿ ಮರೆಯಾದರು.

ಅಜ್ಜ ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟು ಇನ್ನೊಂದು ಎಳೆ ಹತ್ತಿ ತೆಗೆದುಕೊಂಡರು. ಒಳಗಿನಿಂದ ಪಂಕ್ತಿಯವರ ಮಾತು, ನಗು ಕೇಳಿಸುತ್ತಿತ್ತು.

"ಸತ್ತನೇ?" ಎಂದು ಕೇಳಿದ ಅಡವಯ್ಯ.

ತಡೆ. ಆ ಹೋರಿಗಳು ಎಲ್ಲಿಗೆ ಓಡಿದವು ಹೇಳು? ಬಂದ ದಾರಿಗೆ ಅಂದೆನಲ್ಲ. ಸುತ್ತಾಡಿ, ಬಂಡಿಯ ಜಾಡು ಹಿಡಿದು, ತಾವು ಹುಟ್ಟಿದ ಕೊಟ್ಟಿಗೆಗೇ ಹೋಗಿ ನಿಂತವು. ರೈತ ಇನ್ನೂ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತಿದ್ದ. ಬೆಳಗ್ಗೆ ಮಾರಿದ ಹೋರಿಗಳು ಹಗ್ಗ ಎಳೆದುಕೊಂಡು ಒಳಗೆ ಬಂದದ್ದನ್ನು ನೋಡಿದ. ಒಂದರ ಹಗ್ಗದ ತುದಿಗೆ ರಕ್ತ ಹತ್ತಿತ್ತು. ವ್ಯಾಪಾರಿ ಹಗ್ಗ ಕೈಗೆ ಸುತ್ತಿಕೊಂಡಿದ್ದಾನೆ ಎಂದು ಅವನಿಗೆ ತಕ್ಷಣ ತಿಳಿಯಿತು. ಗುಂಡು ಯಾಕೆ ಹಾರಿತು ಎಂಬುದೂ ತಿಳಿಯಿತು. ಹೋಗಬೇಡ ಎಂದು ಮನೆಯವರು ಅಡ್ಡ ನಿಂತರು. ಆದರೂ ರೈತ ಬಂಡಿ ಹೂಡಿಕೊಂಡು ಒಬ್ಬನೇ ಬಂದ.

ಬಂದವನು ಕೂಡಲೇ ಕೆಳಗಿಳಿಯಲಿಲ್ಲ. ಮರದ ಮರೆಯಲ್ಲಿ ನಿಂತು, "ಪಿಸ್ತೂಲು ಎಲ್ಲೈತ್ರಿ?" ಎಂದು ಕೂಗಿದ.

"ಕಳ್ಳರು ಒಯ್ದರು."

ರೈತ ಮರೆಯಿಂದ ಹೊರಗೆ ಬಂದ. ಹಳ್ಳಕ್ಕೆ ಇಳಿದ. ಅವನ ಕಾಲು ನೋಡಿದ, ಮಣಿಕಟ್ಟಿನ ಗಾಯ ನೋಡಿದ. ಆಮೇಲೆ ಬಾಯಿ ಬಿಟ್ಟ. "ಲೇ ಹುಚ್ಚ ಮುಂಡೇದೆ! ಹಗ್ಗ ಕೈಗೆ ಸುತ್ತಿಕೊಂಡಿಯೇನಲೇ? ದನದ ವ್ಯಾಪಾರಿ ಅಂತ ಯಾವ ಬಾಯಿಲೆ ಹೇಳ್ಕೋತೀ? ಆ ಹೋರಿಗಿರೋ ಬುದ್ಧಿ ನಿನಗಿಲ್ಲಲ್ಲೋ!" ಬೈಯುತ್ತ ಬೈಯುತ್ತಲೇ ತನ್ನ ರುಮಾಲು ಬಿಚ್ಚಿ, ಕಾಲಿಗೆ ಕಟ್ಟಿಗೆ ಕೊಟ್ಟು ಬಿಗಿದು ಕಟ್ಟಿದ. ವ್ಯಾಪಾರಿ ಗೊಳೋ ಎಂದು ಅತ್ತ. ಕಾಲು ನೋಯುತ್ತಿದೆಯೆಂದು ರೈತ ಕೈ ಸಡಿಲಿಸಿದ. "ಬೈ ಮಾರಾಯಾ, ನಿಲ್ಲಿಸಬ್ಯಾಡ," ಎಂದ ವ್ಯಾಪಾರಿ.

ಬಂಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ಹೊರಟ. ಕಣಿವೆ ದಾಟಿದ ಮೇಲೆ ರೈತ ಹಿಂದಕ್ಕೆ ತಿರುಗಿದ. ಬೆಳಗ್ಗೆ ಆದದ್ದು ವ್ಯಾಪಾರವೇ ಅಲ್ಲ, ತಗೋ, ಕೈ ಕೊಡು ಎಂದು ತನ್ನ ಶಲ್ಯವನ್ನು ಅವನ ಎದೆಯ ಮೇಲೆ ಹರಡಿದ. ವ್ಯಾಪಾರಿ ಅದರೊಳಗೆ ಕೈ ಇಟ್ಟ. ರೈತ ಬೆರಳು ಮುರಿಯುವ ಹಾಗೆ ಹಿಂಡಿದ. ಊರು ಬರುವವರೆಗೂ ಜಗಳ ಹರಿಯಲಿಲ್ಲ.

ಅಜ್ಜ ಕತೆ ಮುಗಿಸಿ ಹತ್ತಿಯ ಚೂರುಗಳನ್ನು ಮಡಿಲಿನಿಂದ ಕೊಡವಿಕೊಂಡರು.

ಅಡವಯ್ಯನ ಕೈ ಸೊಂಟದ ಮೇಲೆ ಹೋಯಿತು. ಆಮೇಲೆ, "ಅಂದರೆ ನಾನು ಇದನ್ನು ಕಟ್ಟಿಕೊಳ್ಳಬಾರದು ಎನ್ನುತ್ತೀರಿ," ಎಂದ.

"ನಾನೆಲ್ಲಿ ಹಾಗೆಂದೆ? ಕ್ವಾರಿಯ ತಂಟೆ ನನಗೆ ಗೊತ್ತಿಲ್ಲ. ಇವತ್ತು ಕಲ್ಲು ಬೀಸಿದವನು ನಾಳೆ ಏನು ಬೀಸುತ್ತಾನೋ, ಅದೂ ಗೊತ್ತಿಲ್ಲ. ಕಾಣುವ ಹಾಗೋ, ಮುಚ್ಚಿಟ್ಟೋ ಅಂತ ಕೇಳಿದೆ. ಕಾಣುವ ಹಾಗೆ ಕಟ್ಟಿಕೊಂಡವನ ಕತೆ ಹೇಳಿದೆ."

"ಆ ವ್ಯಾಪಾರಿಯ ಗ್ರಹಚಾರ ಕೆಟ್ಟಿತ್ತು, ಅಜ್ಜಾರೇ. ನನಗೆ 'ತಾವು' ಎಂದವರು ಇನ್ನೂ ಯಾರೂ ಇಲ್ಲ," ಎಂದು ಅಡವಯ್ಯ ನಗಲು ನೋಡಿದ. "ನಮ್ಮವರೆಲ್ಲ ಮೊದಲಿನ ಹಾಗೇ ಇದ್ದಾರೆ. ಇನ್ನೂ ಸ್ವಲ್ಪ ಹೆಚ್ಚಿನ ಗೌರವ ಕೊಡುತ್ತಾರೆ, ಅಷ್ಟೇ."

ಪಂಕ್ತಿ ಎದ್ದಿತ್ತು. ಹಿತ್ತಲಲ್ಲಿ ನೀಲವ್ವ ತಾಟು ತೊಳೆದು ಒಂದರ ಮೇಲೊಂದು ಬೋರಲು ಹಾಕುತ್ತಿದ್ದ ಸದ್ದು ಕೇಳುತ್ತಿತ್ತು. ಅಜ್ಜ ಆ ಕಡೆ ಕಿವಿಗೊಟ್ಟು ಕೂತರು. ಸದ್ದು ನಿಂತ ಮೇಲೆ ಅವನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಗಂಟೆಯಾಗಿ ಇಷ್ಟು ಹೊತ್ತಾಯಿತಲ್ಲ ಅಡವಯ್ಯ, ಇವತ್ತು ನಿನ್ನನ್ನು ಊಟಕ್ಕೆ ಯಾರಾದರೂ ಕರೆದರೇನಪ್ಪಾ?"